ಬೆತ್ತದಿಂದ ಬಾಲನ್ಯಾಯ ಮಂಡಳಿಗೆ

ಬೈಂದೂರಿಗೂ ಭಟ್ಕಳಕ್ಕೂ ನಡುವೆ ಇಂದು ಇರುವುದು ಜಿಲ್ಲೆಯ ಗಡಿ ಮಾತ್ರ. 1862ರಿಂದ 1956ರವರೆಗೆ ಅದು ಎರಡು ಪ್ರಾಂತಗಳ ಗಡಿಯಾಗಿತ್ತು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಉತ್ತರ ಕನ್ನಡ ಮುಂಬೈಗೆ ಸೇರಿತು. ಆದ್ದರಿಂದ ಭಟ್ಕಳ, ಹೊನ್ನಾವರ, ಕುಮಟಾಗಳ ಮಟ್ಟಿಗೆ ಬಾಲಾಪರಾಧ ಕಾನೂನಿನ ಚರಿತ್ರೆಯೆಂದರೆ ಬಹುಮಟ್ಟಿಗೆ ಮುಂಬೈ ಪ್ರಾಂತದ ಚರಿತ್ರೆಯೇ.

ಮೊದಮೊದಲು ಮಕ್ಕಳಿಗೆಂದು ಬೇರೆ ನ್ಯಾಯವಿರಲಿಲ್ಲ. 1860ರ ದಂಡಸಂಹಿತೆಯ ಪ್ರಕಾರ ಏಳು ವರ್ಷದೊಳಗಿನ ಮಗು ಮಾಡಿದ್ದು ಅಪರಾಧವಲ್ಲ; ಏಳರಿಂದ ಹನ್ನೆರಡರೊಳಗಿನವರಿಗೆ ತಿಳಿವಳಿಕೆ ಎಷ್ಟಿತ್ತೆಂದು ನೋಡಬೇಕು. ಅದಕ್ಕಿಂತ ದೊಡ್ಡವರಿಗೆ ಛಡಿಯೇಟೂ ಉಂಟು, ಸೆರೆಮನೆಯೂ ಉಂಟು. ಹದಿನಾರರೊಳಗಿನವರಿಗೆ ಹದಿನೈದು ಏಟು ಮೀರಬಾರದೆಂಬುದೇ 1898ರ ದಂಡಪ್ರಕ್ರಿಯಾ ಸಂಹಿತೆ ತೋರಿದ ರಿಯಾಯಿತಿ. ಛಡಿಯೇಟು ಕಾನೂನಿನಿಂದ ಮರೆಯಾದದ್ದು 1955ರಲ್ಲಿ.

ಜೈಲು ಸೇರಿದ ಹುಡುಗ ಅಲ್ಲಿ ಕಲಿಯುವುದು ಕಳ್ಳತನದ ಮುಂದಿನ ಪಾಠವನ್ನೇ ಎಂಬ ಅರಿವು ಆ ಕಾಲದಲ್ಲೂ ಇತ್ತು. ಡೇವಿಡ್ ಸಸೂನ್ ಹೆಸರಿನ ಸುಧಾರಣಾ ಶಾಲೆ ಮುಂಬೈಯಲ್ಲಿ 1857ರಷ್ಟು ಹಿಂದೆಯೇ ಹುಟ್ಟಿತು. 1876 ಮತ್ತು 1897ರ ಸುಧಾರಣಾ ಶಾಲೆಗಳ ಕಾಯ್ದೆಗಳು ಹುಡುಗರನ್ನು ಜೈಲಿನ ಬದಲು ಕಸುಬು ಕಲಿಸುವ ಶಾಲೆಗೆ ಕಳಿಸಲು ದಾರಿಮಾಡಿದವು. 1919-20ರ ಜೈಲು ಸಮಿತಿ ಮಕ್ಕಳಿಗೆ ಪ್ರತ್ಯೇಕ ನ್ಯಾಯಾಲಯ ಬೇಕೆಂದಿತು. ಮದರಾಸು 1920ರಲ್ಲಿ, ಮುಂಬೈ 1924ರಲ್ಲಿ ಮಕ್ಕಳ ಕಾಯ್ದೆ ತಂದವು. ಹದಿನಾರು ದಾಟಿದ ತರುಣರಿಗಾಗಿ ಮುಂಬೈ ಪ್ರಾಂತ 1929ರಲ್ಲಿ ಬೋರ್ಸ್ಟಲ್ ಶಾಲೆಗಳ ಕಾಯ್ದೆ ಮಾಡಿತು. ಇಂಗ್ಲೆಂಡಿನ ಒಂದು ಹಳ್ಳಿಯ ಹೆಸರು ಹೊತ್ತ ಈ ಶಾಲೆ ಧಾರವಾಡದಲ್ಲೂ ನಡೆಯಿತು.

ಏಕೀಕರಣದ ಬಳಿಕ 1964ರಲ್ಲಿ ಮೈಸೂರು ರಾಜ್ಯಕ್ಕೆ ತನ್ನದೇ ಮಕ್ಕಳ ಕಾಯ್ದೆ ಬಂತು. ರಾಜ್ಯಕ್ಕೊಂದು ಕಾನೂನು ಎಂಬ ಪರಿಸ್ಥಿತಿ ಕೊನೆಗೊಂಡದ್ದು 1986ರ ಬಾಲನ್ಯಾಯ ಕಾಯ್ದೆಯಿಂದ. ಹುಡುಗರಿಗೆ ಹದಿನಾರು, ಹುಡುಗಿಯರಿಗೆ ಹದಿನೆಂಟು ಎಂದಿದ್ದ ವಯೋಮಿತಿ 2000ದಲ್ಲಿ ಇಬ್ಬರಿಗೂ ಹದಿನೆಂಟಾಯಿತು.

2012ರ ದೆಹಲಿ ಪ್ರಕರಣದ ಆರೋಪಿಗಳಲ್ಲೊಬ್ಬನಿಗೆ ಹದಿನೆಂಟು ತುಂಬಲು ಕೆಲವು ತಿಂಗಳಿದ್ದವು. ಆತನಿಗೆ ಮೂರೇ ವರ್ಷವೆಂಬ ಜನಾಕ್ರೋಶ 2015ರ ಕಾಯ್ದೆಗೆ ಕಾರಣವಾಯಿತು. ಕನಿಷ್ಠ ಏಳು ವರ್ಷ ಶಿಕ್ಷೆಯುಳ್ಳ ಘೋರ ಅಪರಾಧವಾದರೆ ಹದಿನಾರು ತುಂಬಿದವರನ್ನು ವಯಸ್ಕರಂತೆ ವಿಚಾರಿಸಲು ಈಗ ಅವಕಾಶವಿದೆ. ಆದರೆ ಬಾಲನ್ಯಾಯ ಮಂಡಳಿ ಮೊದಲು ಹುಡುಗನ ಮನಸ್ಸು, ಸಾಮರ್ಥ್ಯ, ಸಂದರ್ಭಗಳನ್ನು ತೂಗಿ ನೋಡಬೇಕು. ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರಿರುತ್ತಾರೆ. ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು.

ಈ ಕರಾವಳಿಗೆ ಇದು ಬರಿಯ ಪುಸ್ತಕದ ವಿಷಯವಲ್ಲ. 1993ರಲ್ಲಿ ಭಟ್ಕಳ, 2017ರ ಡಿಸೆಂಬರಿನಲ್ಲಿ ಹೊನ್ನಾವರ, ಕುಮಟಾಗಳು ಗಲಭೆಯನ್ನು ಕಂಡಿವೆ. ಅಂಥ ದಿನ ಹತ್ತು ಜನರೊಡನೆ ಓಡಿ ಕಲ್ಲೆತ್ತಿಕೊಂಡ ಹುಡುಗನೂ ಕಾನೂನಿನ ದೃಷ್ಟಿಯಲ್ಲಿ ತಪ್ಪಿತಸ್ಥನೇ. ಆದರೆ ಅವನಿಗೆ ಎಚ್ಚರಿಕೆ, ಸಮುದಾಯ ಸೇವೆ, ಮೇಲ್ವಿಚಾರಣೆಯ ಬಿಡುಗಡೆ, ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹದ ವಾಸ ಎಂದು ಕಾಯ್ದೆ ಹಲವು ದಾರಿಗಳನ್ನಿಟ್ಟಿದೆ. ವಯಸ್ಕನೆಂದು ವಿಚಾರಣೆಗೊಳಗಾಗದವನ ಮೇಲೆ ಮುಂದೆ ಓದಿಗಾಗಲಿ ನೌಕರಿಗಾಗಲಿ ಆ ತಪ್ಪಿನ ಅನರ್ಹತೆ ಅಂಟುವುದಿಲ್ಲ.

ಇದನ್ನು ಮೆದುತನವೆನ್ನುವವರಿದ್ದಾರೆ. ನೊಂದವರ ಮನೆಯ ದುಃಖಕ್ಕೆ ಆರೋಪಿಯ ವಯಸ್ಸು ಸಮಾಧಾನವಾಗಲಾರದೆಂಬ ಅವರ ಮಾತು ಸುಳ್ಳಲ್ಲ. ಆದರೆ ಶಿಕ್ಷೆ ಮುಗಿಸಿದ ಹುಡುಗ ಮರಳಿ ಬರುವುದು ಅದೇ ಪೇಟೆಗೆ, ಅದೇ ಬಂದರಿಗೆ. ಬರುವಾಗ ಕೈಯಲ್ಲೊಂದು ಕಸುಬಿರಬೇಕೋ, ಎದೆಯಲ್ಲೊಂದು ಹಗೆಯಿರಬೇಕೋ ಎಂಬುದೇ ಒಂದೂವರೆ ಶತಮಾನದಿಂದ ಕಾನೂನನ್ನು ಕಾಡಿರುವ ಪ್ರಶ್ನೆ.