ಬ್ಲೂಟೂತ್ ಪಟ್ಟಿಯಲ್ಲಿ ಗೊತ್ತಿಲ್ಲದ ಹೆಸರು: ಹೆದರಬೇಕೆ, ತೆಗೆಯಬೇಕೆ, ತೆಗೆಯುವುದು ಹೇಗೆ?

"ಬ್ಲೂಟೂತ್ ಆನ್ ಮಾಡಿ ನೋಡಿ. ಪಟ್ಟಿಯಲ್ಲಿ ಗೊತ್ತಿಲ್ಲದ ಹೆಸರು ಕಂಡರೆ ನಿಮ್ಮ ಫೋನ್ ಹ್ಯಾಕ್ ಆಗಿದೆ ಎಂದರ್ಥ. ಕೂಡಲೇ ಡಿಲೀಟ್ ಮಾಡಿ, ಎಲ್ಲರಿಗೂ ಕಳಿಸಿ." ಈ ಧಾಟಿಯ ಸಂದೇಶಗಳು ವಾಟ್ಸ್‌ಆಪ್ ಗುಂಪುಗಳಲ್ಲಿ ಆಗಾಗ ಸುತ್ತು ಹೊಡೆಯುತ್ತಿರುತ್ತವೆ. ಓದಿದವರು ಗಾಬರಿಯಿಂದ ಬ್ಲೂಟೂತ್ ತೆರೆಯುತ್ತಾರೆ. ಅಲ್ಲಿ ಪಕ್ಕದ ಮನೆಯ ಟಿವಿ, ಯಾರದೋ ವಾಚು, ಅಕ್ಷರ-ಅಂಕಿಗಳ ಒಂದು ಉದ್ದನೆಯ ಸಾಲು ಎಲ್ಲ ಕಾಣುತ್ತದೆ. ಅಲ್ಲಿಗೆ ಸಂದೇಶ ನಿಜವೆಂದೇ ತೀರ್ಮಾನ!

ಇಲ್ಲಿ ಆಗುವ ಎಡವಟ್ಟು ಸಣ್ಣದು. ಬ್ಲೂಟೂತ್ ಪರದೆಯಲ್ಲಿ ಇರುವುದು ಒಂದು ಪಟ್ಟಿಯಲ್ಲ, ಎರಡು. ಒಂದು, 'ಅವೈಲಬಲ್ ಡಿವೈಸಸ್'. ಈ ಕ್ಷಣದಲ್ಲಿ ನಿಮ್ಮ ಸುತ್ತಮುತ್ತ "ನಾನಿಲ್ಲಿದ್ದೇನೆ" ಎಂದು ರೇಡಿಯೋ ಅಲೆಗಳಲ್ಲಿ ಕೂಗುತ್ತಿರುವ ಸಾಧನಗಳು ಇವು. ಬಸ್ಸಿನಲ್ಲಿ ಕೂತು ತೆರೆದರೆ ಹತ್ತಾರು ಹೆಸರು ಕಾಣಬಹುದು. ಅವಕ್ಕೂ ನಿಮ್ಮ ಫೋನಿಗೂ ಯಾವ ಸಂಬಂಧವೂ ಇಲ್ಲ. ಸಂತೆಯಲ್ಲಿ ಪಕ್ಕದಲ್ಲಿ ನಿಂತವರು ನಮ್ಮ ನೆಂಟರಾಗುವುದಿಲ್ಲವಲ್ಲ, ಹಾಗೆ. ಇನ್ನೊಂದು, 'ಪೇರ್ಡ್ ಡಿವೈಸಸ್' ಅಥವಾ 'ಸೇವ್ಡ್ ಡಿವೈಸಸ್'. ಇದು ನೀವೇ (ಅಥವಾ ನಿಮ್ಮ ಫೋನು ಕೈಗೆ ಸಿಕ್ಕ ಮನೆಯವರು) ಯಾವಾಗಲೋ ಜೋಡಿಸಿದ ಸಾಧನಗಳ ಪಟ್ಟಿ. ಗಮನ ಕೊಡಬೇಕಾದದ್ದು ಈ ಎರಡನೆಯದಕ್ಕೆ ಮಾತ್ರ.

ಹೆಸರೊಂದನ್ನು ನೋಡಿ ಗಾಬರಿಯಾಗುವುದು ನಮ್ಮ ನಿಮ್ಮಂಥವರಷ್ಟೇ ಅಲ್ಲ. 2017ರ ಡಿಸೆಂಬರ್‌ನಲ್ಲಿ ಗುಜರಾತ್ ವಿಧಾನಸಭೆ ಚುನಾವಣೆಯ ಮೊದಲ ಹಂತದ ಮತದಾನ ನಡೆಯುತ್ತಿದ್ದಾಗ, ಪೋರಬಂದರ್‌ನ ಮತಗಟ್ಟೆಯೊಂದರಲ್ಲಿ ಮತಯಂತ್ರ ಬ್ಲೂಟೂತ್ ಮೂಲಕ ಹೊರಗಿನ ಸಾಧನಕ್ಕೆ ಸಂಪರ್ಕಗೊಂಡಿದೆ ಎಂಬ ದೂರು ಬಂತು. ಆಧಾರವೇನೆಂದರೆ, ಮತಗಟ್ಟೆಯ ಬಳಿ ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ 'ಇಸಿಓ 105' ಎಂಬ ಹೆಸರು ಕಂಡಿತ್ತು. ಚುನಾವಣಾ ಆಯೋಗ ಪರಿಶೀಲಿಸಿದಾಗ ಅದು ಮತಗಟ್ಟೆಯಲ್ಲಿದ್ದ ಏಜೆಂಟರೊಬ್ಬರ ಮೊಬೈಲ್ ಫೋನಿನ ಬ್ಲೂಟೂತ್ ಹೆಸರು ಎಂದು ಗೊತ್ತಾಯಿತು. ಪಟ್ಟಿಯಲ್ಲಿ ಕಾಣುವ ಹೆಸರು ಅಷ್ಟೇ: ಒಂದು ಹೆಸರು. ಅದನ್ನು ಯಾರು ಬೇಕಾದರೂ ಏನು ಬೇಕಾದರೂ ಇಟ್ಟುಕೊಳ್ಳಬಹುದು.

ಜೋಡಿಸುವುದು ಎಂದರೆ ಏನು?

ಇಯರ್‌ಬಡ್ಸನ್ನು ಮೊದಲ ಸಲ ಫೋನಿಗೆ ಜೋಡಿಸುವಾಗ ಎರಡೂ ಸಾಧನಗಳು ಸೇರಿ ಒಂದು ರಹಸ್ಯ ಕೀಲಿಯನ್ನು ತಯಾರಿಸಿಕೊಳ್ಳುತ್ತವೆ. 128 ಬಿಟ್‌ಗಳ ಒಂದು ಸಂಖ್ಯೆ ಅದು. ಅದರ ಒಂದು ಪ್ರತಿ ಫೋನಿನಲ್ಲಿ, ಇನ್ನೊಂದು ಇಯರ್‌ಬಡ್ಸ್‌ನಲ್ಲಿ ಉಳಿಯುತ್ತದೆ. ಮುಂದಿನ ಸಲ ಡಬ್ಬಿಯ ಮುಚ್ಚಳ ತೆರೆದ ಕೂಡಲೇ ಅವು ಏನೂ ಕೇಳದೆ ಸಂಪರ್ಕಗೊಳ್ಳುವುದು ಈ ಕೀಲಿಯ ಬಲದಿಂದಲೇ. ಅಂದರೆ ಜೋಡಣೆ ಬೇರೆ, ಸಂಪರ್ಕ ಬೇರೆ. ಸಂಪರ್ಕ ದಿನಕ್ಕೆ ಹತ್ತು ಸಲ ಬಂದು ಹೋಗಬಹುದು. ಜೋಡಣೆ ನಾವಾಗಿ ತೆಗೆಯುವವರೆಗೂ ಇರುತ್ತದೆ.

ಇದು ಗೊತ್ತಾದರೆ ಇನ್ನೊಂದು ಜನಪ್ರಿಯ ನಂಬಿಕೆಯೂ ಬಿದ್ದುಹೋಗುತ್ತದೆ. ಪಟ್ಟಿಯಲ್ಲಿ ಹಳೆಯ ಸಾಧನಗಳು ಹೆಚ್ಚಿದ್ದರೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಫೋನು ನಿಧಾನವಾಗುತ್ತದೆ ಎನ್ನುವವರಿದ್ದಾರೆ. ಇಪ್ಪತ್ತು ಕೀಲಿಗಳನ್ನು ನೆನಪಿಟ್ಟುಕೊಳ್ಳಲು ಫೋನಿಗೆ ಬೇಕಾದ ಜಾಗ ದೊಡ್ಡ ವಿಷಯವೇ ಅಲ್ಲ. ಬ್ಯಾಟರಿ ಖರ್ಚಾಗುವುದು ನಡೆಯುತ್ತಿರುವ ಸಂಪರ್ಕಕ್ಕೆ, ಹಾಡು ಕಳಿಸುವುದಕ್ಕೆ.

ಹಾಗಾದರೆ ಹಳೆಯದನ್ನು ತೆಗೆಯುವ ಅಗತ್ಯವೇ ಇಲ್ಲವೇ? ಇದೆ. ಆದರೆ ಫಾರ್ವರ್ಡ್‌ಗಳು ಹೇಳುವ ಕಾರಣಕ್ಕಲ್ಲ.

ನಮ್ಮ ಬಳಗದವರೊಬ್ಬರು ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡರು. ಮನೆಗೆ ತಂದು ಫೋನ್ ಜೋಡಿಸಲು ಹೋದರೆ ಪರದೆಯ ಮೇಲೆ ಹಿಂದಿನ ಮಾಲೀಕರ ಮನೆಮಂದಿಯ ನಾಲ್ಕು ಫೋನುಗಳ ಹೆಸರು, ಮ್ಯಾಪಿನಲ್ಲಿ 'ಹೋಮ್' ಎಂದು ಗುರುತು ಮಾಡಿದ್ದ ವಿಳಾಸ, ಮಗುವಿನ ಶಾಲೆ ಎಲ್ಲವೂ ಹಾಗೇ ಇತ್ತು. ಕಾರು ಮಾರುವ ಮುನ್ನ ಅವರು ಸೀಟಿನ ಕೆಳಗಿನ ಚಿಲ್ಲರೆಯನ್ನೂ ಬಿಡದೆ ಆಯ್ದುಕೊಂಡಿದ್ದರು. ಇದನ್ನು ಮಾತ್ರ ಯಾರೂ ನೋಡಿರಲಿಲ್ಲ.

ಕಾರಿನ ವಿಷಯದಲ್ಲಿ ಇದು ಮುಖ್ಯ ಏಕೆಂದರೆ, ಕಾರು ಬರೀ ಹಾಡು ಕೇಳಿಸುವ ಸ್ಪೀಕರ್ ಅಲ್ಲ. ಜೋಡಿಸುವಾಗ ಫೋನು "ಕಾಂಟ್ಯಾಕ್ಟ್ಸ್ ಮತ್ತು ಕಾಲ್ ಹಿಸ್ಟರಿ ನೋಡಲು ಅನುಮತಿ ಕೊಡಲೇ?" ಎಂದು ಕೇಳುತ್ತದೆ. ನಾವು ಓದದೆ ಒಪ್ಪಿರುತ್ತೇವೆ. ಆಗ ನಿಮ್ಮ ಫೋನ್‌ಬುಕ್ಕಿನ ಪ್ರತಿ ಕಾರಿಗೆ ಇಳಿಯುತ್ತದೆ, ಕೆಲವು ಕಾರುಗಳಲ್ಲಿ ಅಲ್ಲೇ ಉಳಿಯುತ್ತದೆ. ಇದನ್ನು ನಿಮ್ಮ ಫೋನಿನಿಂದ ಅಳಿಸಲು ಬರುವುದಿಲ್ಲ. ಫೋನಿನಲ್ಲಿ ಕಾರಿನ ಹೆಸರನ್ನು ತೆಗೆದರೆ ಫೋನು ಕಾರನ್ನು ಮರೆಯುತ್ತದೆ. ಕಾರು ಫೋನನ್ನು ಮರೆಯುವುದಿಲ್ಲ. ಆದ್ದರಿಂದ ಕಾರು ಮಾರುವಾಗ, ಬಾಡಿಗೆ ಕಾರನ್ನು ಹಿಂದಿರುಗಿಸುವಾಗ ಕಾರಿನ ಪರದೆಯಲ್ಲೇ ಬ್ಲೂಟೂತ್ ಸೆಟ್ಟಿಂಗ್ ತೆರೆದು ನಿಮ್ಮ ಫೋನನ್ನು ಅಳಿಸಿ. ಮಾರುತ್ತಿದ್ದರೆ ಇಡೀ ವ್ಯವಸ್ಥೆಯನ್ನೇ ಫ್ಯಾಕ್ಟರಿ ರೀಸೆಟ್ ಮಾಡುವುದು ಇನ್ನೂ ಒಳ್ಳೆಯದು.

ಎರಡನೆಯ ಕಾರಣ ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಆಂಡ್ರಾಯ್ಡ್‌ನಲ್ಲಿ 'ಎಕ್ಸ್‌ಟೆಂಡ್ ಅನ್‌ಲಾಕ್' ಎಂಬ ಸೌಲಭ್ಯವಿದೆ. ಮೊದಲು ಇದರ ಹೆಸರು 'ಸ್ಮಾರ್ಟ್ ಲಾಕ್' ಎಂದಿತ್ತು. ಒಂದು ಬ್ಲೂಟೂತ್ ಸಾಧನವನ್ನು ನಂಬಿಕಸ್ಥ ಎಂದು ಗುರುತು ಮಾಡಿದರೆ, ಅದು ಸಂಪರ್ಕದಲ್ಲಿರುವಾಗ ಫೋನು ಪಿನ್ ಕೇಳದೆ ತೆರೆದೇ ಉಳಿಯಬಲ್ಲದು. ವಾಚು ಕೈಯಲ್ಲಿದ್ದಾಗ ಅನುಕೂಲವೇ. ಆದರೆ ಇಯರ್‌ಬಡ್ಸ್ ಮತ್ತು ಫೋನು ಎರಡೂ ಒಂದೇ ಬ್ಯಾಗಿನಲ್ಲಿದ್ದು, ಬ್ಯಾಗೇ ಕಳುವಾದರೆ? ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ಈ ಹೆಸರು ಬರೆದು, ಯಾವ ಸಾಧನ ಸೇರಿದೆ ಎಂದು ಒಮ್ಮೆ ನೋಡಿಬಿಡಿ. ಈ ಲೇಖನದಿಂದ ಒಂದೇ ಕೆಲಸ ಮಾಡುವುದಾದರೆ ಇದನ್ನು ಮಾಡಿ.

ಮೂರನೆಯದು ದಿನನಿತ್ಯದ ಕಿರಿಕಿರಿ. ಹಾಲ್‌ನಲ್ಲಿರುವ ಸ್ಪೀಕರ್ ನಿಮ್ಮ ಫೋನಿಗೂ ಮಗಳ ಫೋನಿಗೂ ಜೋಡಿಯಾಗಿರುತ್ತದೆ. ಆಫೀಸಿನ ಮೀಟಿಂಗು ಕೇಳಲು ಕೂತರೆ ಬಾಸ್‌ನ ದನಿ ಹಾಲ್‌ನಲ್ಲಿ, ಅಜ್ಜಿಯ ಎದುರು, ಮೊಳಗುತ್ತದೆ.

ತೆಗೆಯುವುದು ಹೇಗೆ?

ಸೆಟ್ಟಿಂಗ್ಸ್ ತೆರೆಯಿರಿ. ಗೂಗಲ್‌ನ ಪಿಕ್ಸೆಲ್ ಮತ್ತು ಅದರಂಥ ಫೋನುಗಳಲ್ಲಿ 'ಕನೆಕ್ಟೆಡ್ ಡಿವೈಸಸ್', ಸ್ಯಾಮ್‌ಸಂಗ್‌ನಲ್ಲಿ 'ಕನೆಕ್ಷನ್ಸ್' ಒಳಗೆ 'ಬ್ಲೂಟೂತ್', ಇನ್ನು ಅನೇಕ ಫೋನುಗಳಲ್ಲಿ ನೇರವಾಗಿ 'ಬ್ಲೂಟೂತ್' ಎಂದೇ ಇರುತ್ತದೆ. ಬ್ಲೂಟೂತ್ ಆನ್ ಆಗಿರಬೇಕು. ಜೋಡಿಯಾದ ಸಾಧನದ ಹೆಸರಿನ ಮುಂದೆ ಗಿಯರ್ ಚಕ್ರದ ಅಥವಾ ಬಾಣದ ಗುರುತು ಕಾಣುತ್ತದೆ. ಹೆಸರನ್ನಲ್ಲ, ಆ ಗುರುತನ್ನು ಒತ್ತಿ. ಹೆಸರನ್ನು ಒತ್ತಿದರೆ ಫೋನು ಅದಕ್ಕೆ ಸಂಪರ್ಕಗೊಳ್ಳಲು ಹೊರಡುತ್ತದೆ, ಅಷ್ಟೇ. ಒಳಗೆ 'ಫರ್ಗೆಟ್' ಅಥವಾ 'ಅನ್‌ಪೇರ್' ಎಂದಿರುತ್ತದೆ. ಒತ್ತಿ, ಖಚಿತಪಡಿಸಿ, ಮುಗಿಯಿತು. ಹಳೆಯ ಸಾಧನ ಮೊದಲ ಪಟ್ಟಿಯಲ್ಲಿ ಕಾಣದಿದ್ದರೆ 'ಸೀ ಆಲ್' ಒತ್ತಿ ನೋಡಿ. ಸಾಧನ ಹತ್ತಿರ ಇರಬೇಕೆಂದಿಲ್ಲ. ಕಳೆದುಹೋದ ಇಯರ್‌ಬಡ್ಸನ್ನೂ ಹೀಗೇ ತೆಗೆಯಬಹುದು.

ಅದೇ ಪರದೆಯಲ್ಲಿ 'ಫೋನ್ ಕಾಲ್ಸ್', 'ಮೀಡಿಯಾ ಆಡಿಯೋ', 'ಕಾಂಟ್ಯಾಕ್ಟ್ ಶೇರಿಂಗ್' ಎಂಬ ಗುಂಡಿಗಳು ಇರುವುದನ್ನು ಗಮನಿಸಿ. ಕೆಲವೊಮ್ಮೆ ಪೂರ್ತಿ ತೆಗೆಯುವುದೇ ಬೇಕಾಗುವುದಿಲ್ಲ. ಸ್ಪೀಕರಿನಲ್ಲಿ ಹಾಡು ಬೇಕು, ಕರೆ ಬೇಡ ಎಂದರೆ ಮೊದಲನೆಯದನ್ನು ಮಾತ್ರ ಆಫ್ ಮಾಡಿದರಾಯಿತು.

ಇಯರ್‌ಬಡ್ಸ್ ನಿಮ್ಮ ಗೂಗಲ್ ಖಾತೆಗೂ ಸೇರಿಕೊಂಡಿದ್ದರೆ, ಅದೇ ಖಾತೆಯ ಬೇರೆ ಫೋನು, ಟ್ಯಾಬುಗಳಲ್ಲೂ ಜೋಡಣೆ ಹೋಗುತ್ತದೆ ಎಂಬ ಎಚ್ಚರಿಕೆ ಬರಬಹುದು. ಮಾರಲು ಅಥವಾ ಬೇರೆಯವರಿಗೆ ಕೊಡಲು ತೆಗೆಯುತ್ತಿದ್ದರೆ ನಿಮಗೆ ಬೇಕಾದದ್ದೂ ಅದೇ.

ಇನ್ನು ಎಲ್ಲವನ್ನೂ ಒಟ್ಟಿಗೆ ತೆಗೆಯುವ ದಾರಿ. 'ಸಿಸ್ಟಮ್' ಒಳಗಿನ 'ರೀಸೆಟ್ ಆಪ್ಷನ್ಸ್'ನಲ್ಲಿ, ಸ್ಯಾಮ್‌ಸಂಗ್‌ನಲ್ಲಾದರೆ 'ಜನರಲ್ ಮ್ಯಾನೇಜ್‌ಮೆಂಟ್' ಒಳಗಿನ 'ರೀಸೆಟ್'ನಲ್ಲಿ, ನೆಟ್‌ವರ್ಕ್ ಸೆಟ್ಟಿಂಗ್ ಅಳಿಸುವ ಆಯ್ಕೆ ಸಿಗುತ್ತದೆ. ಫೋಟೋ, ಸಂದೇಶ ಹೋಗುವುದಿಲ್ಲ. ಆದರೆ ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳು ಹೋಗುತ್ತವೆ. ಮನೆಯ ವೈಫೈ ಪಾಸ್‌ವರ್ಡ್ ಬರೆದಿಟ್ಟ ಚೀಟಿ ಎಲ್ಲಿದೆಯೆಂದು ಮೊದಲು ಹುಡುಕಿಕೊಳ್ಳಿ.

ದುಡುಕಬಾರದ ಎರಡು ಸಂದರ್ಭಗಳಿವೆ. ಸ್ಮಾರ್ಟ್‌ವಾಚನ್ನು ಬ್ಲೂಟೂತ್ ಪಟ್ಟಿಯಿಂದ ಕಿತ್ತುಹಾಕುವ ಬದಲು ಅದರದೇ ಆಪ್ ಮೂಲಕ ತೆಗೆಯಿರಿ. ಮತ್ತೆ ಜೋಡಿಸುವಾಗ ಕೆಲವು ವಾಚುಗಳನ್ನು ರೀಸೆಟ್ ಮಾಡಬೇಕಾಗುತ್ತದೆ, ಅದರಲ್ಲಿರುವ ಮಾಹಿತಿ ಹೋಗಬಹುದು. ಇನ್ನೊಂದು, ಸಕ್ಕರೆ ಕಾಯಿಲೆ ಇರುವವರು ತೋಳಿಗೆ ಅಂಟಿಸಿಕೊಳ್ಳುವ ಗ್ಲೂಕೋಸ್ ಸೆನ್ಸರ್. ಪಟ್ಟಿಯಲ್ಲಿ ಇದು ಅಕ್ಷರ-ಅಂಕಿಗಳ ಅಪರಿಚಿತ ಸಾಲಾಗಿ ಕಾಣಿಸಬಹುದು. ಫಾರ್ವರ್ಡ್ ಓದಿದ ಮಗ ಅಪ್ಪನ ಫೋನಿನಿಂದ "ಹ್ಯಾಕರ್"ನನ್ನು ಓಡಿಸಲು ಹೋದರೆ ಸಕ್ಕರೆ ಇಳಿದಾಗ ಎಚ್ಚರಿಸುವ ಗಂಟೆಯೇ ನಿಂತುಹೋದೀತು. ಮನೆಯಲ್ಲಿ ಇಂಥ ಸೆನ್ಸರ್, ಶ್ರವಣ ಸಾಧನ ಬಳಸುವವರಿದ್ದರೆ ಅವರನ್ನು ಕೇಳದೆ ಏನನ್ನೂ ಮುಟ್ಟಬೇಡಿ.

ಹ್ಯಾಕ್ ಆಗುವುದೇ ಇಲ್ಲವೇ?

ಬ್ಲೂಟೂತ್ ಮೂಲಕ ದಾಳಿ ಸಾಧ್ಯ ಎನ್ನುವುದು ನಿಜ. 2017ರಲ್ಲಿ ಬೆಳಕಿಗೆ ಬಂದ 'ಬ್ಲೂಬೋರ್ನ್' ಎಂಬ ದೋಷಗಳ ಗುಂಪು ಆಂಡ್ರಾಯ್ಡ್, ವಿಂಡೋಸ್, ಲಿನಕ್ಸ್ ಎಲ್ಲವನ್ನೂ ಕಾಡಿತ್ತು. 2023ರ ಡಿಸೆಂಬರ್‌ನಲ್ಲಿ ಪ್ರಕಟವಾದ ಇನ್ನೊಂದು ದೋಷ ಬಳಸಿ, ಹತ್ತಿರದಲ್ಲಿರುವ ದಾಳಿಕೋರನ ಯಂತ್ರ ತಾನೊಂದು ಕೀಬೋರ್ಡ್ ಎಂದು ಸುಳ್ಳು ಹೇಳಿ, ಮಾಲೀಕರ ಒಪ್ಪಿಗೆಯಿಲ್ಲದೆಯೇ ಫೋನಿಗೆ ಟೈಪ್ ಮಾಡಬಹುದಿತ್ತು. ಆದರೆ ಫಾರ್ವರ್ಡ್‌ಗಳು ಎಡವುವುದು ಇಲ್ಲೇ. ಈ ದಾಳಿಗಳಿಗೆ ನಿಮ್ಮ ಹಳೆಯ ಜೋಡಿಗಳ ಪಟ್ಟಿ ಬೇಕಾಗಿಯೇ ಇರಲಿಲ್ಲ. ಪಟ್ಟಿ ಪೂರ್ತಿ ಖಾಲಿಯಿದ್ದರೂ ಅಪಾಯ ಅಷ್ಟೇ. ಅದನ್ನು ಮುಚ್ಚಿದ್ದು ಕಂಪನಿಗಳು ಕಳಿಸಿದ ಸೆಕ್ಯುರಿಟಿ ಅಪ್‌ಡೇಟ್. ಹಳೆಯ ಜೋಡಿಗಳನ್ನು ತೆಗೆದು ಅಪ್‌ಡೇಟನ್ನು ಮಾತ್ರ "ಆಮೇಲೆ" ಎಂದು ಮುಂದೂಡುವುದು ಕಿಟಕಿ ಒರೆಸಿ ಬಾಗಿಲು ತೆರೆದಿಟ್ಟ ಹಾಗೆ. ಅಪ್‌ಡೇಟ್ ಬರುವುದೇ ನಿಂತುಹೋದ ಹಳೆಯ ಫೋನಾದರೆ, ಅಗತ್ಯವಿಲ್ಲದಾಗ ಬ್ಲೂಟೂತ್ ಆಫ್ ಮಾಡಿಡುವ ರೂಢಿ ಒಳ್ಳೆಯದು.

ಬಸ್ಸು, ರೈಲಿನಲ್ಲಿ ಇದ್ದಕ್ಕಿದ್ದಂತೆ "ಪೇರ್ ಮಾಡಲೇ?" ಎಂಬ ಕೋರಿಕೆ ಬಂದರೆ ಬೇಡ ಎನ್ನಿ. ಹೆಚ್ಚಿನ ಸಲ ಅದು ಯಾರದೋ ಬೆರಳು ತಪ್ಪಿ ನಿಮ್ಮ ಫೋನಿನ ಹೆಸರಿನ ಮೇಲೆ ಬಿದ್ದದ್ದು. ನೀವೇ ಎರಡು ಫೋನುಗಳನ್ನು ಜೋಡಿಸುತ್ತಿರುವಾಗ ಆರು ಅಂಕಿಯ ಸಂಖ್ಯೆ ಕಂಡರೆ, ಎರಡೂ ಪರದೆಗಳಲ್ಲಿ ಅದು ಒಂದೇ ಆಗಿದೆಯೇ ಎಂದು ನೋಡಿ ಒಪ್ಪಿಕೊಳ್ಳಿ. ಆ ಸಂಖ್ಯೆ ಬರುವುದೇ ಅದಕ್ಕಾಗಿ.

ತೆಗೆದ ಮೇಲೆ ಅದೇ ಇಯರ್‌ಬಡ್ಸ್ ಮತ್ತೆ ಬೇಕೆನಿಸಿದರೆ, ಫೋನಿನಲ್ಲಿ ಹೆಸರು ಒತ್ತಿದರಷ್ಟೇ ಸಾಲದು. ಕೀಲಿಯ ಒಂದು ಪ್ರತಿ ಹೋಗಿದೆ, ಇನ್ನೊಂದು ಅವುಗಳ ಬಳಿ ಇದೆ. ಎರಡೂ ತಾಳೆಯಾಗದೆ ಸಂಪರ್ಕ ಸಾಧ್ಯವಾಗುತ್ತಿಲ್ಲ ಎಂಬ ಸಂದೇಶ ಬರಬಹುದು. ಇಯರ್‌ಬಡ್ಸ್ ಡಬ್ಬಿಯ ಅಥವಾ ಸ್ಪೀಕರಿನ ಗುಂಡಿಯನ್ನು ದೀಪ ಮಿನುಗುವವರೆಗೆ ಒತ್ತಿಹಿಡಿದು, ಹೊಸದನ್ನು ಜೋಡಿಸಿದಂತೆಯೇ ಜೋಡಿಸಿ. ಸದಾ ಸಂಪರ್ಕ ಕಡಿದುಕೊಳ್ಳುವ ಹಠಮಾರಿ ಇಯರ್‌ಬಡ್ಸ್‌ಗೂ ಇದೇ ಮದ್ದು. ರಿಪೇರಿ ಅಂಗಡಿಗೆ ಹೋಗುವ ಮುನ್ನ ಒಮ್ಮೆ ತೆಗೆದು, ಮತ್ತೆ ಜೋಡಿಸಿ ನೋಡಿ.

ಪಟ್ಟಿ ನೋಡುತ್ತಿರುವಾಗಲೇ ನಿಮ್ಮ ಫೋನಿಗೆ ಏನು ಹೆಸರಿದೆ ಎಂದೂ ಗಮನಿಸಿ. 'ಡಿವೈಸ್ ನೇಮ್' ಎಂಬಲ್ಲಿ ನಿಮ್ಮ ಪೂರ್ತಿ ಹೆಸರಿದ್ದರೆ, ಬ್ಲೂಟೂತ್ ಪರದೆ ತೆರೆದಾಗಲೆಲ್ಲ ಪಕ್ಕದ ಸೀಟಿನವರ ಪಟ್ಟಿಯಲ್ಲಿ ಕಾಣುವ ಅಪರಿಚಿತ ಹೆಸರು ನಿಮ್ಮದೇ.