ಪರದೇಶಿಗೆ ಯಾವ ನ್ಯಾಯ?

ಸಂಡೂರು ತಾಲ್ಲೂಕಿನ ವಡ್ಡು ಗ್ರಾಮದಲ್ಲಿ ಬಾಡಿಗೆ ಮನೆ ಕೇಳಿಕೊಂಡು ಬರುವವರಿಗೆ ಮೊದಲು ಎದುರಾಗುವ ಪ್ರಶ್ನೆ ‘ಯಾವೂರು?’ ಎಂಬುದು. ಪಕ್ಕದ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಬಂದ ಮೇಲೆ ಬಿಹಾರ, ಒಡಿಶಾ, ಉತ್ತರ ಪ್ರದೇಶಗಳಿಂದ ಕೂಲಿ ಅರಸಿ ಬಂದವರು ಈ ಭಾಗದಲ್ಲಿ ನೆಲೆಸಿದ್ದಾರೆ. ಇವರು ದುಡಿಮೆಗೆ ಬೇಕಾದವರು, ಊರಿನ ಮಾತಿನಲ್ಲಿ ಮಾತ್ರ ‘ಹೊರಗಿನವರು’. ವ್ಯಾಜ್ಯ ಬಂದರೆ ಊರಿನ ಕಾನೂನು ಇಂಥವರನ್ನು ಹೇಗೆ ನೋಡುತ್ತದೆ? ನಾಲ್ಕು ಶತಮಾನಗಳ ಹಿಂದೆಯೇ ಈ ಪ್ರಶ್ನೆಯನ್ನು ರಂಗದ ಮೇಲೆ ತಂದ ನಾಟಕ ಷೇಕ್ಸ್‌ಪಿಯರನ ‘ದಿ ಮರ್ಚೆಂಟ್ ಆಫ್ ವೆನಿಸ್’.

1596-97ರ ಸುಮಾರಿಗೆ ರಚಿತವಾಗಿ 1600ರಲ್ಲಿ ಅಚ್ಚಾದ ಈ ನಾಟಕದ ಕಥೆ ಶಾಲಾ ಮಕ್ಕಳಿಗೂ ಗೊತ್ತು. ವೆನಿಸ್ಸಿನ ವರ್ತಕ ಆಂಟೋನಿಯೋ ಗೆಳೆಯನಿಗಾಗಿ ಯಹೂದಿ ಲೇವಾದೇವಿಗಾರ ಷೈಲಾಕನಿಂದ 3,000 ಡ್ಯುಕಾಟ್ ಸಾಲ ಪಡೆಯುತ್ತಾನೆ. ಮೂರು ತಿಂಗಳಲ್ಲಿ ತೀರಿಸದಿದ್ದರೆ ತನ್ನ ಮೈಯಿಂದ ಒಂದು ಪೌಂಡ್ ಮಾಂಸ ಕೊಡುವುದಾಗಿ ಕರಾರು ಬರೆದುಕೊಡುತ್ತಾನೆ. ವಾಯಿದೆ ತಪ್ಪುತ್ತದೆ. ವಕೀಲನ ವೇಷದಲ್ಲಿ ಬಂದ ಪೋರ್ಷಿಯಾ, ಕರಾರಿನಲ್ಲಿ ಮಾಂಸವಿದೆ, ರಕ್ತವಿಲ್ಲ ಎಂದು ವಾದಿಸಿ ಆಂಟೋನಿಯೋನ ಪ್ರಾಣ ಉಳಿಸುತ್ತಾಳೆ.

ನಮಗೆ ನೆನಪಿರುವುದು ಇಷ್ಟೇ. ಆದರೆ ಮೊಕದ್ದಮೆ ಅಲ್ಲಿಗೆ ಮುಗಿಯುವುದಿಲ್ಲ. ಷೈಲಾಕ್ ಬರಿಗೈಯಲ್ಲಿ ಹೊರಡುವಷ್ಟರಲ್ಲಿ ಪೋರ್ಷಿಯಾ ಇನ್ನೊಂದು ಕಾನೂನನ್ನು ಮುಂದಿಡುತ್ತಾಳೆ. ಪರದೇಶಿಯೊಬ್ಬ ನಗರದ ಪ್ರಜೆಯ ಪ್ರಾಣಕ್ಕೆ ಹೊಂಚಿದರೆ ಅವನ ಆಸ್ತಿಯ ಅರ್ಧ ಆ ಪ್ರಜೆಗೆ, ಉಳಿದರ್ಧ ಸರಕಾರದ ಬೊಕ್ಕಸಕ್ಕೆ; ಅವನ ಜೀವ ನಗರದ ಅಧಿಪತಿ ಡ್ಯೂಕನ ಕೃಪೆಗೆ ಬಿಟ್ಟದ್ದು. ಕೊನೆಗೆ ಷೈಲಾಕ್ ಮತಾಂತರಕ್ಕೂ ಒಪ್ಪಬೇಕಾಗುತ್ತದೆ. ಕಾನೂನು ಎಲ್ಲರಿಗೂ ಒಂದೇ ಎಂದು ನಂಬಿ ನ್ಯಾಯಾಲಯಕ್ಕೆ ಬಂದವನು ‘ಪರದೇಶಿ’ ಎಂಬ ಒಂದು ಪದದಿಂದ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಷೈಲಾಕನ ಕ್ರೌರ್ಯ ಸುಳ್ಳಲ್ಲ. ಆದರೆ ಅವನಿಗೆ ಬಿದ್ದ ಶಿಕ್ಷೆ, ಅವನು ಮಾಡಹೊರಟ ಕೃತ್ಯದಷ್ಟೇ ಅವನು ಯಾರು ಎಂಬುದನ್ನೂ ಅವಲಂಬಿಸಿತ್ತು. ಕನ್ನಡದಲ್ಲಿ ‘ಪರದೇಶಿ’ ಎಂದರೆ ಬೇರೆ ದೇಶದವನು ಮಾತ್ರವಲ್ಲ, ದಿಕ್ಕಿಲ್ಲದವನು ಎಂಬ ಅರ್ಥವೂ ಇರುವುದು ಇಲ್ಲಿ ನೆನಪಾಗುತ್ತದೆ.

ಇದು ಬರೀ ಕಲ್ಪನೆಯಲ್ಲ. ವೆನಿಸ್ ಸರಕಾರ 1516ರಲ್ಲಿ ಯಹೂದಿಗಳೆಲ್ಲ ಒಂದೇ ಕೇರಿಯಲ್ಲಿ ವಾಸಿಸಬೇಕೆಂದು ಆಜ್ಞೆ ಹೊರಡಿಸಿತು. ರಾತ್ರಿ ಆ ಕೇರಿಯ ಬಾಗಿಲುಗಳಿಗೆ ಬೀಗ ಬೀಳುತ್ತಿತ್ತು. ಮೊದಲು ಅಲ್ಲಿ ಲೋಹದ ಎರಕದ ಕಾರ್ಖಾನೆ ಇದ್ದುದರಿಂದಲೇ ‘ಘೆಟ್ಟೊ’ ಎಂಬ ಹೆಸರು ಬಂತೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಸಾಲಕ್ಕೆ ಯಹೂದಿಯ ಹಣ ಬೇಕಿತ್ತು, ನೆರೆಮನೆಗೆ ಅವನು ಬೇಡವಾಗಿದ್ದ.

ಸರಿಸುಮಾರು ಅದೇ ಕಾಲದಲ್ಲಿ, ನಮ್ಮ ವಿಜಯನಗರದ ಬಗ್ಗೆ ಪೋರ್ಚುಗೀಸ್ ಅಧಿಕಾರಿ ಡುವಾರ್ಟೆ ಬಾರ್ಬೋಸಾ ಬರೆದದ್ದು ಗಮನಾರ್ಹ. ಕ್ರೈಸ್ತನೋ, ಯಹೂದಿಯೋ, ಮುಸಲ್ಮಾನನೋ ಎಂದು ಕೇಳದೆ ಯಾರು ಬೇಕಾದರೂ ಬಂದು ತಮ್ಮ ಧರ್ಮದಂತೆ ಬಾಳಲು ಅಲ್ಲಿನ ಅರಸ ಬಿಡುತ್ತಾನೆ, ಎಲ್ಲರಿಗೂ ನ್ಯಾಯ ಸಿಗುತ್ತದೆ ಎಂಬುದು ಅವನ ಮಾತಿನ ತಾತ್ಪರ್ಯ.

ಆದರೆ ಇದನ್ನೇ ಹಿಡಿದು ಹೆಮ್ಮೆಪಡುವ ಮುನ್ನ ಇನ್ನೊಬ್ಬನ ಮಾತನ್ನೂ ಕೇಳಬೇಕು. ವೆನಿಸ್ಸಿನ ನಿಜವಾದ ವರ್ತಕನೊಬ್ಬ, ಸೀಸರ್ ಫ್ರೆಡರಿಕ್, 1567ರಲ್ಲಿ ಹಂಪಿಗೆ ಬಂದು ಏಳು ತಿಂಗಳು ಇದ್ದ. 1565ರ ಯುದ್ಧದ ಸೋಲು ಕಳೆದು ಎರಡೇ ವರ್ಷವಾಗಿತ್ತು. ದಾರಿಯಲ್ಲಿ ಕಳ್ಳರ ಭಯವಿದ್ದುದರಿಂದ ಅವನು ಬೇಗ ಹೊರಡಲಾಗಲಿಲ್ಲ. ಹಾಳಾದ ನಗರಕ್ಕೆ ಮರಳಿದ ತಿರುಮಲರಾಯ ಕುದುರೆ ವ್ಯಾಪಾರಿಗಳಿಗೆ ಒಳ್ಳೆಯ ಬೆಲೆ ಕೊಡುವುದಾಗಿ ಸಾರಿದ. ಅವರು ತಂದ ಕುದುರೆಗಳನ್ನೆಲ್ಲ ಇಟ್ಟುಕೊಂಡು ಏನೂ ಕೊಡದೆ ಕಳುಹಿಸಿಬಿಟ್ಟ ಎಂದು ಫ್ರೆಡರಿಕ್ ಬರೆದಿದ್ದಾನೆ. ಅವನ ಪ್ರವಾಸ ಕಥನ 1587ರಲ್ಲಿ ವೆನಿಸ್ಸಿನಲ್ಲೂ ಮರುವರ್ಷ ಇಂಗ್ಲಿಷಿನಲ್ಲೂ ಪ್ರಕಟವಾಯಿತು.

ನಾಟಕದಲ್ಲಿ ಆಂಟೋನಿಯೋ ಹೇಳುವುದೂ ಇದನ್ನೇ. ಪರದೇಶಿಗೆ ಕಾನೂನು ನಿರಾಕರಿಸಿದರೆ ನಗರದ ನ್ಯಾಯದ ಮೇಲಿನ ನಂಬಿಕೆ ಹೋಗುತ್ತದೆ, ಎಲ್ಲ ದೇಶಗಳವರಿಂದ ನಡೆಯುವ ವ್ಯಾಪಾರವೂ ಹೋಗುತ್ತದೆ. ಆದರೆ ಲಾಭಕ್ಕಾಗಿ ಕೊಟ್ಟ ನ್ಯಾಯ ಲಾಭ ಇರುವವರೆಗೆ ಮಾತ್ರ. ಬಿಕ್ಕಟ್ಟು ಬಂದಾಗ ವೆನಿಸ್ಸಿನ ನ್ಯಾಯಾಲಯವೂ ಹಂಪಿಯ ದೊರೆಯೂ ಮೊದಲು ಕೈಬಿಟ್ಟದ್ದು ಹೊರಗಿನವನನ್ನೇ.

ಈ ನಾಟಕ ನಮ್ಮ ಕಡೆಯ ವಕೀಲರನ್ನು ಸೆಳೆದದ್ದು ಸಹಜ. ಸ್ವತಃ ವಕೀಲರಾಗಿದ್ದ ಬಾಗಲಕೋಟೆಯ ಕೆರೂರು ವಾಸುದೇವಾಚಾರ್ಯರು (1866-1921) ಇದನ್ನು ‘ಸುರತನಗರದ ಶ್ರೇಷ್ಠಿ’ಯಾಗಿ ಕನ್ನಡಕ್ಕೆ ತಂದರು. ವೆನಿಸ್ಸಿನ ಬದಲು ಬಂದದ್ದು ಹತ್ತಾರು ದೇಶಗಳ ವರ್ತಕರು ಸೇರುತ್ತಿದ್ದ ಇನ್ನೊಂದು ಬಂದರು, ಸೂರತ್. ಷೇಕ್ಸ್‌ಪಿಯರನ ಪಾತ್ರಗಳಿಗೆ ಹೆಸರಾದ ಬಳ್ಳಾರಿ ರಾಘವರೂ (1880-1946) ವೃತ್ತಿಯಲ್ಲಿ ವಕೀಲರೇ.

ಇಂದು ನಾಟಕ ಓದುವವರು ಅದರ ಪಕ್ಕದಲ್ಲಿ ನಮ್ಮ ಸಂವಿಧಾನವನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. 14ನೇ ವಿಧಿ ಕಾನೂನಿನ ಮುಂದೆ ಸಮಾನತೆಯನ್ನು ಕೊಡುವುದು ‘ವ್ಯಕ್ತಿ’ಗೆ, ಬರೀ ‘ನಾಗರಿಕ’ನಿಗಲ್ಲ. ಷೈಲಾಕನನ್ನು ಕೆಡವಿದ ಪದಕ್ಕೆ ಇಲ್ಲಿ ಜಾಗವಿಲ್ಲ. ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು ನಾಗರಿಕರಿಗೆ 19ನೇ ವಿಧಿ ಕೊಟ್ಟಿದೆ. ಹೀಗಾಗಿ ವಡ್ಡುವಿನಲ್ಲಿರುವ ಬಿಹಾರದ ಕಾರ್ಮಿಕ ಯಾವ ಅರ್ಥದಲ್ಲೂ ಪರದೇಶಿಯಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರಿಗಾಗಿಯೇ 1979ರಲ್ಲಿ ಸಂಸತ್ತು ಕಾಯಿದೆ ಮಾಡಿತ್ತು. 2020ರ ಕಾರ್ಮಿಕ ಸಂಹಿತೆಯಲ್ಲಿ ಅದನ್ನು ವಿಲೀನಗೊಳಿಸಲಾಯಿತು.

ಕಾಗದದ ಮೇಲೆ ಇಷ್ಟು ಸ್ಪಷ್ಟವಾಗಿದೆ. ಕೂಲಿ ಬಾಕಿ ಉಳಿದಾಗ, ಕೆಲಸದಲ್ಲಿ ಕೈಕಾಲಿಗೆ ಪೆಟ್ಟಾದಾಗ ದೂರು ಕೊಡಲು ಬಂದವನನ್ನು ‘ಯಾವೂರು?’ ಎಂದು ಕೇಳುವುದು ವಿಳಾಸ ಬರೆದುಕೊಳ್ಳುವುದಕ್ಕಷ್ಟೇ ಆಗಬೇಕು.