ಅಪ್ಪನ ಕೋವಿಗೆ ಮುಂಬಯಿಯಲ್ಲಿ ಮನೆ ಹುಡುಕಿದ್ದು

ಹೋದ ಹುತ್ತರಿಯ ಮರುದಿನ ಬೆಳಿಗ್ಗೆ ಊರಿಂದ ಅಣ್ಣನ ಫೋನು.

"ಪಾಲಿನ ಕಾಗದ ತಯಾರಾಗಿದೆ ಮಾರಾಯ, ಒಮ್ಮೆ ಬಂದು ಸಹಿ ಹಾಕಿ ಹೋಗು. ನಿನ್ನ ಪಾಲಿನ ಗದ್ದೆಯನ್ನು ಬೆಂಗಳೂರಿನವರೊಬ್ಬರು ಕೇಳ್ತಾ ಇದ್ದಾರೆ. ಮತ್ತೆ ಅಪ್ಪನ ಕೋವಿ ಎಂತ ಮಾಡುವುದು? ನನಗೆ ವಯಸ್ಸಾಯಿತು, ಮಗ ದುಬೈಯಲ್ಲಿ. ನೀನು ತೆಗೆದುಕೊಂಡು ಹೋಗ್ತೀಯಾ?"

ಅಣ್ಣ ಕೇಳಿದ ಧಾಟಿ ಹೇಗಿತ್ತೆಂದರೆ, ಅಟ್ಟದಲ್ಲಿರುವ ತಾಮ್ರದ ಹಂಡೆ ಬೇಕಾ ಅಂತ ಕೇಳಿದ ಹಾಗೆ. ನಾನೂ ಹಾಗೇ "ನೋಡುವ" ಎಂದು ಫೋನಿಟ್ಟೆ. ನೋಡಲು ಹೊರಟ ಮೇಲೆ ಗೊತ್ತಾಯಿತು, ಆ ಒಂಟಿ ನಳಿಗೆಯ ಕೋವಿಯ ಹಿಂದೆ ಸುಮಾರು ಇನ್ನೂರು ವರ್ಷಗಳ ಚರಿತ್ರೆ ನಿಂತಿದೆ ಅಂತ.

ನಾವು ಮಡಿಕೇರಿ ಕಡೆಯ ಅರೆಭಾಷೆ ಗೌಡರು. ಬಿ.ಕಾಂ. ಮುಗಿಸಿ ಬ್ಯಾಂಕಿನ ಕೆಲಸ ಹಿಡಿದು 1991ರಲ್ಲಿ ಮುಂಬಯಿಗೆ ಬಂದವನು ನಾನು. ನಿವೃತ್ತಿಗೆ ಇನ್ನೆರಡು ವರ್ಷ. ಈಗಿರುವುದು ಮುಲುಂಡಿನಲ್ಲಿ, ಮೂರನೇ ಮಹಡಿಯ ಒಂದು ಬೆಡ್‌ರೂಮಿನ ಮನೆ. ನಿವೃತ್ತಿಯಾದ ಮೇಲೆ ಸ್ವಲ್ಪ ಮಣ್ಣು, ನಾಲ್ಕು ಗಿಡ ಇರುವ ಕಡೆ ಹೋಗೋಣವೆಂದು ನಾನೂ ನನ್ನವಳೂ ಭಾನುವಾರಗಳಲ್ಲಿ ಲೋಕಲ್ ಟ್ರೈನು ಹತ್ತಿ ಬದ್ಲಾಪುರ, ನೇರಳ್, ಕರ್ಜತ್ ಕಡೆಯೆಲ್ಲ ಮನೆ ನೋಡುತ್ತಿದ್ದೆವು. ನೀರು ಬರುತ್ತದಾ, ಆಸ್ಪತ್ರೆ ಎಷ್ಟು ದೂರ, ಲೋಕಲ್ ಎಷ್ಟು ಹೊತ್ತಿಗೊಮ್ಮೆ ಎಂದು ಕೇಳುತ್ತಿದ್ದ ನಮ್ಮ ಪಟ್ಟಿಗೆ ಇದೊಂದು ಹೊಸ ಪ್ರಶ್ನೆ ಸೇರಿತು: ಕೋವಿ ಇಟ್ಟುಕೊಂಡವನು ಮುಂಬಯಿಯ ಸುತ್ತ ಎಲ್ಲಿ ಮನೆ ಮಾಡಬೇಕು?

ಬೇರೆ ಊರಿನವರಿಗೆ ಒಂದು ಮಾತು ಹೇಳಬೇಕು. ಭಾರತದಲ್ಲಿ ಸಾಮಾನ್ಯ ಮನುಷ್ಯ ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಆದರೆ ಕೊಡಗಿನಲ್ಲಿ ಎರಡು ಬಗೆಯ ಜನರಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಒಂದು, ಕೊಡವರಿಗೆ. ಇನ್ನೊಂದು, ಜಾತಿ ಯಾವುದೇ ಇರಲಿ, ಜಮ್ಮಾ ಭೂಮಿಯ ಹಿಡುವಳಿದಾರರಿಗೆ. ಜಮ್ಮಾ ಎಂದರೆ ವಂಶಪಾರಂಪರ್ಯವಾಗಿ ಬಂದ ಗದ್ದೆ. ಅರಸರು ಕರೆದಾಗ ಆಯುಧ ಹಿಡಿದು ಬರಬೇಕು, ಅದಕ್ಕೆ ಬದಲಾಗಿ ಕಂದಾಯ ಕಡಿಮೆ. ಹಿಂದೆ ಈ ಭೂಮಿಯನ್ನು ಮಾರುವಂತೆಯೂ ಇರಲಿಲ್ಲ, ಪಾಲು ಮಾಡುವಂತೆಯೂ ಇರಲಿಲ್ಲ. ಗದ್ದೆ, ಮನೆತನ, ಆಯುಧ ಮೂರೂ ಒಂದೇ ಗಂಟು. ನಮ್ಮ ಅಪ್ಪನ ಕೋವಿ ಈ ಎರಡನೆಯ ಬಗೆಯದು. ಅಂದರೆ ಅಣ್ಣ ಒಂದೇ ಉಸಿರಿನಲ್ಲಿ ಹೇಳಿದ ಗದ್ದೆ ಮಾರುವ ಮಾತು ಮತ್ತು ಕೋವಿಯ ಮಾತು ಎರಡೂ ಒಂದೇ!

ಈ ವಿನಾಯಿತಿ ಬಂದದ್ದು ಹೇಗೆ? ಇಲ್ಲಿದೆ ನನಗೆ ಮುಜುಗರ ತರುವ ಸಂಗತಿ.

1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡರು. ಅದುವರೆಗೆ ಕೊಡಗಿಗೆ ಸೇರಿದ್ದ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಹಾಕಿದರು. ದವಸದಲ್ಲಿ ಕೊಡುತ್ತಿದ್ದ ಕಂದಾಯವನ್ನು ಇನ್ನು ಮುಂದೆ ನಗದಿನಲ್ಲಿ ಕೊಡಿ ಎಂದರು. ಬ್ಯಾಂಕಿನವನಾದ ನನಗೆ ಇದರ ಪೆಟ್ಟು ಚೆನ್ನಾಗಿ ಅರ್ಥವಾಗುತ್ತದೆ. ಕಣಜದಲ್ಲಿ ಭತ್ತವಿದ್ದು ಕೈಯಲ್ಲಿ ಕಾಸಿಲ್ಲದ ರೈತ ಸಾಲಗಾರನ ಬಾಗಿಲಿಗೇ ಹೋಗಬೇಕು. 1837ರಲ್ಲಿ ಜನ ದಂಗೆ ಎದ್ದರು. ಅದನ್ನೇ ಕಲ್ಯಾಣಪ್ಪನ ಕಾಟಕಾಯಿ, ಅಮರಸುಳ್ಯ ದಂಗೆ ಎನ್ನುವುದು. ಮುಂದೆ ನಿಂತವರಲ್ಲಿ ನಮ್ಮ ಗೌಡರು ಬಹಳ. ಆ ಏಪ್ರಿಲ್‌ನಲ್ಲಿ ಮಂಗಳೂರನ್ನೇ ಹಿಡಿದು ಕೆಲವು ದಿನ ಕೈಯಲ್ಲಿಟ್ಟುಕೊಂಡರು. ಕೊನೆಗೆ ಸೋತರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ದಂಗೆಯ ಮತ್ತೊಬ್ಬ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಮಂಗಳೂರಿನ ಬಾವುಟಗುಡ್ಡೆಯಲ್ಲಿ ನಿಂತದ್ದು 2022ರಲ್ಲಿ.

ದಂಗೆ ಅಡಗಿಸಲು ಇಂಗ್ಲಿಷರಿಗೆ ನೆರವಾದವರೂ ಕೊಡಗಿನವರೇ. ಅವರಿಗೆ ಪದಕಗಳು ಬಂದವು. ಇಪ್ಪತ್ತು ವರ್ಷದ ನಂತರ, 1857ರ ಸಿಪಾಯಿ ದಂಗೆಯಿಂದ ಬೆದರಿದ ಸರಕಾರ ದೇಶದ ಜನರ ಆಯುಧ ಕಿತ್ತುಕೊಳ್ಳುವ ಕಾನೂನು ತಂದಾಗ, ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ (ಬೆಂಗಳೂರಿನ ಕಬ್ಬನ್ ಪಾರ್ಕಿನ ಅದೇ ಕಬ್ಬನ್) 1861ರಲ್ಲಿ ಕೊಡವರ ನಿಷ್ಠೆಯನ್ನು ಹೊಗಳಿ ಅವರನ್ನು ಅದರಿಂದ ಬಿಟ್ಟ. 1878ರ ಆಯುಧ ಕಾನೂನು ಬಂದಮೇಲೂ ವಿನಾಯಿತಿ ನಡೆದು ಬಂತು. ಜಮ್ಮಾ ಹಿಡುವಳಿದಾರರಿಗೂ ಅದು ದಕ್ಕಿತು. ಎಂದರೆ, ಬ್ರಿಟಿಷರ ವಿರುದ್ಧ ಎದ್ದವರ ಕುಲದವನಾದ ನನ್ನ ಮನೆಯ ಕೋವಿ ಬ್ರಿಟಿಷರ ನಿಷ್ಠೆಗೆ ಸಿಕ್ಕಿದ ಬಹುಮಾನದ ನೆರಳಿನಲ್ಲಿ ಗೋಡೆಗೆ ಒರಗಿ ನಿಂತಿದೆ. ಚಿಕ್ಕಂದಿನಲ್ಲಿ ಇದನ್ನು ಯಾರೂ ನಮಗೆ ಹೇಳಲಿಲ್ಲ. ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಕೈಮುಗಿಯುವಾಗ ನಾವೂ ಕೇಳಲಿಲ್ಲ.

ಸ್ವಾತಂತ್ರ್ಯ ಬಂತು, 1956ರಲ್ಲಿ ಕೊಡಗು ಮೈಸೂರಿಗೆ ಸೇರಿತು, 1959ರಲ್ಲಿ ಹೊಸ ಆಯುಧ ಕಾಯಿದೆ ಬಂತು. 1963ರಲ್ಲಿ ಕೇಂದ್ರ ಸರಕಾರ ಹಳೆಯ ವಿನಾಯಿತಿಯನ್ನೇ ಮತ್ತೆ ಪ್ರಕಟಿಸಿತು. ಅದರಲ್ಲಿ ನನ್ನಂಥವನಿಗೆ ಬೇಕಾದ ಒಂದು ಸಾಲು ಇತ್ತು. ಕೊಡಗಿನ ಹೊರಗೆ ವಾಸಿಸುವಾಗ ಅಥವಾ ಪ್ರಯಾಣ ಮಾಡುವಾಗ ಒಂದು ರೈಫಲ್ಲು, ಅದಕ್ಕೆ 100 ಗುಂಡು, ಒಂದು ಸಾದಾ ನಳಿಗೆಯ ಕೋವಿ, ಅದಕ್ಕೆ 500 ತೋಟೆ, ಅದಕ್ಕಿಂತ ಹೆಚ್ಚು ಕೂಡದು. ಅಂದರೆ ಪರಊರಿಗೆ ಹೋಗುವ ಕೊಡಗಿನವನನ್ನೂ ಆ ಕಾಲದ ಗುಮಾಸ್ತರು ಮರೆತಿರಲಿಲ್ಲ!

ಕಾಗದದ ಮೇಲೆ ಇಷ್ಟು. ಇನ್ನು ಮುಂಬಯಿ.

ಪರವಾನಗಿ ಕೊಡುವ ಅಧಿಕಾರ ಹಳ್ಳಿಗಾಡಿನಲ್ಲಿ ಜಿಲ್ಲಾಧಿಕಾರಿಯದು, ಪೊಲೀಸ್ ಕಮಿಷನರೇಟ್ ಇರುವ ನಗರಗಳಲ್ಲಿ ಕಮಿಷನರ್‌ದು. ಮುಲುಂಡ್ ಮುಂಬಯಿ ಕಮಿಷನರ್ ಕೈಯಲ್ಲಿ, ಬದ್ಲಾಪುರ ಠಾಣೆ ಕಮಿಷನರ್ ಕೈಯಲ್ಲಿ. ಇನ್ನೆರಡು ಸ್ಟೇಷನ್ ದಾಟಿ ನೇರಳ್‌ಗೆ ಹೋದರೆ ರಾಯಗಡ ಜಿಲ್ಲೆ, ಅಲಿಬಾಗಿನಲ್ಲಿ ಕೂತ ಜಿಲ್ಲಾಧಿಕಾರಿ. ವಸಯಿ ಕಡೆ ಹೋಗೋಣವೆಂದರೆ 2020ರಲ್ಲಿ ಅಲ್ಲಿಗೂ ಕಮಿಷನರೇಟ್ ಬಂತು. ಊರು ಬೆಳೆದ ಹಾಗೆ ಗಡಿಯೂ ಮುಂದಕ್ಕೆ ಸರಿಯುತ್ತದೆ.

ಒಂದು ಠಾಣೆಯಲ್ಲಿ ವಿಚಾರಿಸಿದೆ. ನಮ್ಮ ಜಿಲ್ಲಾಧಿಕಾರಿ ಕೊಡುವ ವಿನಾಯಿತಿ ಪತ್ರದ ಬಗ್ಗೆ ಹೇಳಿದಾಗ ಅಧಿಕಾರಿ ಕನ್ನಡಕ ತೆಗೆದು, "ಲೈಸೆನ್ಸ್ ಇಲ್ಲದ ಗನ್ನಿಗೆ ಲೈಸೆನ್ಸ್ ಬೇಡ ಅಂತ ಸರ್ಟಿಫಿಕೇಟಾ?" ಎಂದು ಕೇಳಿದರು. ತಮಾಷೆಗಲ್ಲ, ನಿಜವಾಗಿ. ಅವರ ತಪ್ಪಿಲ್ಲ. ಚುನಾವಣೆ ಬಂದರೆ ಒಪ್ಪಿಸಬೇಕಾದೀತು, ಊರಿಗೆ ಹೋಗುವಾಗ ಬೀಗ ಹಾಕಿದ ಫ್ಲಾಟಿನಲ್ಲಿ ಬಿಡಬಾರದು ಎಂದೂ ಹೇಳಿ ಚಹಾ ಕುಡಿಸಿ ಕಳಿಸಿದರು. ಬ್ಯಾಂಕಿನ ಲಾಕರಿನಲ್ಲಿ ಇಡೋಣವೆಂದರೆ ಲಾಕರಿನ ಕರಾರಿನಲ್ಲೇ ಆಯುಧ ಕೂಡದು ಎಂದಿದೆ. ಗ್ರಾಹಕರಿಂದ ಅದಕ್ಕೆ ಸಹಿ ಹಾಕಿಸಿದವನು ನಾನೇ!

ಇತ್ತ ಈ ವಿನಾಯಿತಿಯೇ ಸರಿಯಲ್ಲ, ಕುಲ ನೋಡಿ, ಭೂಮಿ ನೋಡಿ ಕೋವಿ ಕೊಡುವುದು ಸಮಾನತೆಗೆ ವಿರುದ್ಧ ಎಂದು ಕರ್ನಾಟಕ ಹೈಕೋರ್ಟಿನಲ್ಲಿ ದಾವೆ ಆಗಿತ್ತು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟು, ಇದು ಸ್ವಾತಂತ್ರ್ಯಕ್ಕೂ ಮೊದಲಿನಿಂದ ಬಂದದ್ದು, ಹತ್ತು ವರ್ಷದ ಮಿತಿಯೂ ಇದೆ ಎಂದು ಎತ್ತಿ ಹಿಡಿಯಿತು. ದಾವೆ ಹಾಕಿದವರ ವಾದವನ್ನು ನಾನು ತಳ್ಳಿ ಹಾಕಲಾರೆ. ನಮ್ಮ ಗದ್ದೆಯಲ್ಲಿ ನಾಟಿ ಮಾಡಿದ ಆಳುಗಳ ಮನೆಯಲ್ಲಿ ಜಮ್ಮಾ ಎಲ್ಲಿಂದ ಬರಬೇಕು? ಅವರ ಮನೆಗೂ ಆನೆ ಬರುತ್ತದೆ, ಹಂದಿ ಬರುತ್ತದೆ.

ಕೊನೆಗೆ ನನ್ನ ಮನಸ್ಸು ತಿರುಗಿದ್ದು ಕಾನೂನಿನಿಂದಲ್ಲ. ಅಪ್ಪ ತೀರಿಕೊಂಡ ಬೆಳಿಗ್ಗೆ ಅಂಗಳದಲ್ಲಿ ಇದೇ ಕೋವಿಯಿಂದ ಎರಡು ಗುಂಡು ಹಾರಿಸಿದ್ದರು. ನಮ್ಮಲ್ಲಿ ಜೋಡಿ ಗುಂಡು ಎಂದರೆ ಸಾವು. ಗುಡ್ಡದಾಚೆಯ ಮನೆಗಳವರು ಮಾಡುತ್ತಿದ್ದ ಕೆಲಸ ಬಿಟ್ಟು ಬಂದರು, ಯಾರಿಗೂ ಫೋನು ಮಾಡಬೇಕಾಗಲಿಲ್ಲ. ಹುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು ಹಾರಿದರೆ ಅದು ಹಬ್ಬ. ಸದ್ದು ಅದೇ, ಆದರೆ ಕೇಳುವವರಿಗೆ ಅರ್ಥ ಗೊತ್ತು. ಮುಲುಂಡಿನಲ್ಲಾಗಲಿ ನೇರಳ್‌ನಲ್ಲಾಗಲಿ ಅದೇ ಎರಡು ಗುಂಡು ಹಾರಿದರೆ ಬರುವುದು ಪೊಲೀಸ್ ಜೀಪು ಮಾತ್ರ. ಬರಲೇಬೇಕು. 1963ರ ಕಾಗದ ಕೋವಿಗೆ ಪ್ರಯಾಣದ ಅನುಮತಿ ಕೊಟ್ಟಿತು, ಅದರ ಸದ್ದು ತಿಳಿಯುವ ನೆರೆಹೊರೆಯನ್ನು ಜೊತೆಗೆ ಕಟ್ಟಿ ಕೊಡಲಿಲ್ಲ.

ಹಾಗಾಗಿ ಕಳೆದ ತಿಂಗಳು ಊರಿಗೆ ಹೋಗಿ ಪಾಲಿನ ಕಾಗದಕ್ಕೆ ಸಹಿ ಹಾಕಿದೆ, ಮಾರಾಟಕ್ಕೆ ಹಾಕಲಿಲ್ಲ. ಅರ್ಧ ಎಕರೆ ಗದ್ದೆ ನನ್ನ ಹೆಸರಿನಲ್ಲೇ ಇರಲಿ. ಬೆಂಗಳೂರಿನವರು ಕೊಡುತ್ತಿದ್ದ ದುಡ್ಡಿಲ್ಲದೆ ನೇರಳ್‌ನ ಮನೆ ಕೈಬಿಟ್ಟಿತು. ನನ್ನವಳು ಎರಡು ದಿನ ಮಾತಾಡಲಿಲ್ಲ. ಕೋವಿ ಊರಲ್ಲೇ ಉಳಿಯಿತು. ಐನ್‌ಮನೆಯಲ್ಲಿರುವ ದೊಡ್ಡಪ್ಪನ ಮಗ ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಿದ್ದಾನೆ. 2029ರಲ್ಲಿ ಸರಕಾರ ಏನು ಹೇಳುತ್ತದೋ ಆಗ ನೋಡುವ.

ಹೊರಡುವಾಗ ಅಣ್ಣ ಕೇಳಿದ, "ಮತ್ತೆ ನೀನು ಎಲ್ಲಿ ಇರುವುದು ಅಂತ ಆಯಿತು?" ಅದು ಇನ್ನೂ ತೀರ್ಮಾನವಾಗಿಲ್ಲ. ಕೋವಿಯದಂತೂ ಆಯಿತು.